ಸಡಚ್ಚಿಯ ಹೊರೆಗಲ್ಲು

ಉಣ್ಣಾಮಲೈಗೆ ತಾಯಿಯ ಮುಖ ನೆನಪಿಲ್ಲ. ತಾಯಿಯ ಎತ್ತರ ಮಾತ್ರ ಗೊತ್ತಿತ್ತು, ಅದೂ ತಪ್ಪಾಗಿ.

ಕಲ್ಲಾತ್ತುಪಟ್ಟಿಯ ಹಳ್ಳದಿಂದ ಮೇಲಕ್ಕೆ ಹತ್ತುವ ರಸ್ತೆ ಎಲ್ಲಿ ಸಮವಾಗುತ್ತದೋ ಅಲ್ಲಿ, ಎಡಬದಿಗೆ, ನೆಟ್ಟ ಎರಡು ಕಲ್ಲುಕಂಬಗಳ ಮೇಲೆ ಒಂದು ಅಡ್ಡಗಲ್ಲು ಕೂತಿತ್ತು. ಹೊರೆಗಲ್ಲು. ತಲೆಯ ಮೇಲೆ ಭಾರ ಹೊತ್ತು ಒಬ್ಬರೇ ನಡೆಯುವವರಿಗೆ ದಾರಿಯಲ್ಲಿ ದಣಿವಾದರೆ ಇಳಿಸಿಕೊಳ್ಳಲು ಇನ್ನೊಬ್ಬರ ಕೈ ಬೇಕು, ಮತ್ತೆ ಎತ್ತಿಕೊಳ್ಳಲೂ ಬೇಕು. ಹೊರೆಗಲ್ಲಿದ್ದರೆ ಯಾರೂ ಬೇಡ. ಪಕ್ಕದಲ್ಲಿ ನಿಂತು ಕುತ್ತಿಗೆಯನ್ನು ತುಸು ಬಾಗಿಸಿದರೆ ಹೊರೆ ಕಲ್ಲಿನ ಮೇಲೆ ಜಾರುತ್ತದೆ. ಹೊರಡುವಾಗ ತಲೆಯನ್ನು ಅದರಡಿಗೆ ಕೊಟ್ಟು ನೇರವಾದರೆ ಸಾಕು.

ಆ ಸೀಮೆಯಲ್ಲಿ ಇಂಥ ಕಲ್ಲನ್ನು ಸುಮ್ಮನೆ ನೆಡುವುದಿಲ್ಲ. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡೇ ಸತ್ತ ಹೆಂಗಸಿನ ಹೆಸರಿನಲ್ಲಿ ನೆಡುತ್ತಾರೆ. ಹೊತ್ತ ಭಾರವನ್ನು ಇಳಿಸದೆ ಹೋದವಳು ಅವಳು. ದಾರಿಹೋಕರು ಅವಳ ಕಲ್ಲಿನ ಮೇಲೆ ಇಳಿಸುವ ಒಂದೊಂದು ಹೊರೆಗೂ ಅವಳದು ಒಂದಿಷ್ಟು ಇಳಿಯುತ್ತದೆ ಎಂಬುದು ನಂಬಿಕೆ.

ಉಣ್ಣಾಮಲೈಯ ತಾಯಿ ಸಡಚ್ಚಿ ಹಾಗೆ ಸತ್ತವಳು. ಮಗಳಿಗೆ ಆಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಪ್ಪ ಗಾಡಿಯ ಜೋಡೆತ್ತಿನಲ್ಲಿ ಒಂದನ್ನು ಮಾರಿ ಆನೆಬಂಡೆಯಿಂದ ಕಲ್ಲು ಸೀಳಿಸಿ ತಂದ. ಎತ್ತರ ಎಷ್ಟಿರಬೇಕು ಎಂದು ಕಲ್ಲುಕುಟಿಗ ಕೇಳಿದಾಗ ಬಾಯಿಬಿಟ್ಟು ಹೇಳಲಾರದೆ, ತನ್ನ ಮೂಗಿನ ನೇರಕ್ಕೆ ಅಂಗೈ ಅಡ್ಡ ಹಿಡಿದು ತೋರಿಸಿದನಂತೆ. ಸಡಚ್ಚಿ ಇಷ್ಟಿದ್ದಳು. ಅವಳು ಹೊತ್ತಿದ್ದರೆ ಎಲ್ಲಿಗೆ ಬರುತ್ತಿತ್ತೋ ಅಷ್ಟಕ್ಕೇ ನಿಲ್ಲಿಸು.

ಅವಳ ಹೊರೆ ಇಳಿಯುವುದಕ್ಕೆ ಆ ರಸ್ತೆಗಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಕಲ್ಲಾತ್ತುಪಟ್ಟಿಯವರು ಅದನ್ನು ರಾಜ್ಯ ಹೆದ್ದಾರಿ ಎಂದು ಕರೆದವರಲ್ಲ. ಪಶ್ಚಿಮಕ್ಕೆ ಮುಖ ಮಾಡಿದರೆ ಹರೂರು ರೋಡು, ಪೂರ್ವಕ್ಕೆ ತಿರುಗಿದರೆ ತಿರುವಣ್ಣಾಮಲೈ ರೋಡು. ಯಾರಿಗೆ ಎಲ್ಲಿಗೆ ಹೋಗಬೇಕೋ ಆ ಹೆಸರು. ನೇರವಾಗಿ ಹೋಗುವ ಅಭ್ಯಾಸ ಅದಕ್ಕಿರಲಿಲ್ಲ. ಹರೂರಿನ ಸಂತೆಮಾಳದಿಂದ ಹೊರಟು ಕೆರೆಯ ಏರಿಯನ್ನು ಹಿಡಿಯುತ್ತದೆ, ಮಳೆಗಾಲದಲ್ಲಿ ಕೆಸರಿಲ್ಲದ ನೆಲ ಅದೊಂದೇ. ಆನೆಬಂಡೆಯ ಬಳಿ ದೊಡ್ಡದಾಗಿ ಬಳಸುತ್ತದೆ, ತುಂಬಿದ ಗಾಡಿಯನ್ನು ಎತ್ತುಗಳು ಅಲ್ಲಿ ನೇರ ಎಳೆಯಲಾರವು. ಮರಳು ಗಟ್ಟಿಯಿರುವ ಕಡೆ ಹಳ್ಳ ದಾಟಿ, ಓರೆಯಾಗಿ ಏರು ಹತ್ತಿ, ಹೊರೆಗಲ್ಲಿನ ಬಳಿ ಉಸಿರು ಬಿಡುತ್ತದೆ. ನಕ್ಷೆಯಲ್ಲಿ ಅದಕ್ಕೊಂದು ಸಂಖ್ಯೆ ಬರುವ ಎಷ್ಟೋ ಮೊದಲೇ ಎತ್ತಿನ ಕಾಲೂ ಮನುಷ್ಯರ ಕುತ್ತಿಗೆಯೂ ಸೇರಿ ಆ ಗೆರೆಯನ್ನು ಎಳೆದಾಗಿತ್ತು. ಎರಡೂ ಬದಿಗೆ ಹುಣಸೆಮರಗಳು.

ಉಣ್ಣಾಮಲೈಯನ್ನು ಸಾಕಿದವಳು ಅಪ್ಪನ ಅಕ್ಕ. ಹುಣಸೆ ಉದುರಿಸುವ ಕಾಲಕ್ಕೆ ಅತ್ತೆಯ ಹಿಂದೆ ಹೋಗಿ ಆಯುವುದು, ಕುಟ್ಟಿ ಬೀಜ ತೆಗೆಯುವುದು, ಬುಟ್ಟಿ ಹೊತ್ತು ಹಳ್ಳದಾಚೆಯ ಸಂತೆಗೆ ನಡೆಯುವುದು. ಹುಡುಗಿ ಬೆಳೆದದ್ದು ಹಾಗೆ. ಹೋಗುವಾಗಲೂ ಬರುವಾಗಲೂ ಕಲ್ಲಿನ ಬಳಿ ಉಳಿದವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಕೇಳಿದರೆ ಸಿಂಬೆ ಸಡಿಲವಾಗಿದೆ ಎನ್ನುತ್ತಿದ್ದಳು. ಅತ್ತೆಗೆ ಗೊತ್ತಿತ್ತು, ಮತ್ತೆ ಕೇಳಲಿಲ್ಲ.

ಆ ಅತ್ತೆಯ ಮಗನನ್ನೇ ಮದುವೆಯಾದಳು. ತೀರ್ಥಗಿರಿ ಹೆದ್ದಾರಿ ಇಲಾಖೆಯ ಗ್ಯಾಂಗಿನಲ್ಲಿ ಕೂಲಿಯಾಗಿ ಸೇರಿ, ಕಾಯಂ ಆಗಿ, ಅದೇ ರಸ್ತೆಗೆ ಜಲ್ಲಿ ಹರಡಿ, ಡಾಂಬರು ಸುರಿದು, ಬದಿಗೆ ಮಣ್ಣು ತುಂಬಿ ನಿವೃತ್ತನಾದ. ಅವನ ಕೆಲಸ ಏನೆಂದು ಯಾರಾದರೂ ಕೇಳಿದರೆ ಉಣ್ಣಾಮಲೈ, "ರೋಡಿಗೆ ತೇಪೆ ಹಾಕ್ತಾನೆ. ಮನೆ ಸೂರಿಗೂ ಒಂದು ಹಾಕು ಮಾಮ ಅಂದ್ರೆ, ಟೆಂಡರ್ ಆಗ್ಬೇಕು ಅಂತಾನೆ" ಎನ್ನುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳು ಅದೇ ರಸ್ತೆಯ ಮೇಲಿನ ಬೇರೆ ಬೇರೆ ಊರುಗಳಿಗೆ ಮದುವೆಯಾಗಿ ಹೋದರು. ಬಸ್ಸಿನ ಕಿಟಕಿಯಿಂದ ಕೂಗಿದರೆ ಕೇಳುವಷ್ಟು ರಸ್ತೆಗೆ ಹತ್ತಿರದ ಮನೆಗಳನ್ನೇ ನೋಡಿ ಕೊಟ್ಟಿದ್ದಳು.

ವರ್ಷ ಕಳೆದಂತೆ ಒಂದು ವಿಚಿತ್ರ ನಡೆದಿತ್ತು. ಬಾಲ್ಯದಲ್ಲಿ ಆಕಾಶದಷ್ಟು ಮೇಲಿದ್ದ ಅಡ್ಡಗಲ್ಲು ಈಗ ಉಣ್ಣಾಮಲೈಯ ಎದೆಮಟ್ಟಕ್ಕೆ ಬರುತ್ತಿತ್ತು. ಮಕ್ಕಳ ಕಣ್ಣಿಗೆ ಎಲ್ಲವೂ ಎತ್ತರ, ಅಮ್ಮ ಗಿಡ್ಡಿಯೇ ಇದ್ದಿರಬೇಕು ಎಂದುಕೊಂಡಳು. ಹುಲ್ಲು ಹೊತ್ತು ಬರುವ ಹೆಂಗಸರು ಅಲ್ಲಿ ಹೊರೆಯನ್ನು ಕೈಯಲ್ಲಿ ಹಿಡಿದು, ಮೊಣಕಾಲು ಬಗ್ಗಿಸಿ ಇಳಿಸಬೇಕಾಗಿತ್ತು. "ನಿಮ್ಮಮ್ಮ ಏನಕ್ಕಾ, ಮಂಡಿಯೂರಿ ಕೂತಿದ್ದಾಳಾ?" ಎಂದು ನಗುತ್ತಿದ್ದರು. ನಗುತ್ತಲೇ ಇಳಿಸುತ್ತಿದ್ದರು. ಉಣ್ಣಾಮಲೈಗೆ ಅಷ್ಟು ಸಾಕಾಗಿತ್ತು.

ರಸ್ತೆ ಅಗಲ ಮಾಡುವ ಕೆಲಸ ಶುರುವಾದಾಗ ಹುಣಸೆಮರಗಳಿಗೆ ಕೆಂಪು ಬಣ್ಣದ ಗುರುತು ಬಿತ್ತು. ಒಂದು ಬೆಳಿಗ್ಗೆ ನೋಡಿದರೆ ಕಲ್ಲಿನ ಕಂಬಕ್ಕೂ ಬಿದ್ದಿತ್ತು.

ಗುತ್ತಿಗೆದಾರನ ಕಡೆಯ ಮೇಲ್ವಿಚಾರಕ ಅನ್ಬರಸು ಎಂಬ ತರುಣ. ತೂತ್ತುಕುಡಿ ಕಡೆಯವನು, ಅವನ ಮಾತಿನ ಎಳೆತವನ್ನು ಊರಿನವರು ಅಣಕಿಸುತ್ತಿದ್ದರು. ಉಣ್ಣಾಮಲೈ ಅವನನ್ನು ಹುಡುಕಿಕೊಂಡು ಹೋದಳು.

"ತಂಬಿ, ಆ ಕಲ್ಲನ್ನ ಏನ್ ಮಾಡ್ತೀರಿ?"

"ಯಾವ ಕಲ್ಲಮ್ಮಾ?"

"ಏರಿನ ಮೇಲಿಂದು. ಕೆಂಪು ಹಚ್ಚಿದೀರಲ್ಲ."

"ಅದಾ. ಕೆಂಪು ಹಚ್ಚಿದ್ದೆಲ್ಲ ತೆಗೀಬೇಕು. ಮರ ಆದ್ರೆ ಅರಣ್ಯ ಇಲಾಖೆಗೆ, ಕಂಬ ಆದ್ರೆ ಕರೆಂಟಿನೋರಿಗೆ. ಇದು ಯಾರಿಗೂ ಸೇರಿಲ್ಲ. ಜೆಸಿಬಿಯೋನು ಎತ್ತಿ ಚರಂಡಿ ಕಲ್ಲಿನ ಜೊತೆ ಹಾಕ್ತಾನೆ." ಅವನು ತಲೆಯೆತ್ತಿ ನೋಡಿದ. "ಯಾಕಮ್ಮಾ, ನಿಮ್ದಾ?"

ನಮ್ಮಮ್ಮಂದು ಎಂದು ಹೇಳಬೇಕಾಗಿತ್ತು. ಆದರೆ ಚರಂಡಿ ಎಂಬ ಮಾತಿನ ಪಕ್ಕದಲ್ಲಿ ಅಮ್ಮನ ಹೆಸರು ಎತ್ತಲು ಅವಳಿಗೆ ಮನಸ್ಸಾಗಲಿಲ್ಲ. "ಹಂಗೇ ಕೇಳ್ದೆ" ಎಂದು ತಿರುಗಿ ನಡೆದಳು.

ದಾರಿಯುದ್ದಕ್ಕೂ ಜೆಸಿಬಿ ಮಾಡಿದ್ದನ್ನು ಅವಳು ನೋಡಿದ್ದಳು. ಟೀ ಅಂಗಡಿ ಹೋಗಿತ್ತು, ಪಕ್ಷದ ಧ್ವಜಕಟ್ಟೆ ಹೋಗಿತ್ತು, ಒಬ್ಬ ಸಾಹುಕಾರನ ಕಾಂಪೌಂಡು ಕೂಡ ಹೋಗಿತ್ತು. ನಿಂತದ್ದು ಒಂದೇ ಕಡೆ. ಕೆರೆ ಏರಿಯ ಕೆಳಗಿನ ಹುತ್ತದ ಮುಂದೆ. ಅದಕ್ಕೆ ಯಾರೋ ಅರಿಶಿನ ಹಚ್ಚಿದ್ದರು.

ಮರುದಿನ ಬೆಳಗಾಗುವ ಹೊತ್ತಿಗೆ ಉಣ್ಣಾಮಲೈ ಒಂದು ಚೊಂಬು ಅರಿಶಿನ ಕಲಸಿಕೊಂಡು ಏರು ಹತ್ತಿದಳು. ಕೆಂಪು ಗುರುತು ಮುಚ್ಚುವಂತೆ ಎರಡೂ ಕಂಬಗಳಿಗೆ ಬಳಿದಳು. ಅಡ್ಡಗಲ್ಲಿಗೆ ಕುಂಕುಮದ ಬೊಟ್ಟು ಇಟ್ಟಳು. ಹಳದಿ ಬಟ್ಟೆ ಸುತ್ತಿ ಬೇವಿನ ಸೊಪ್ಪು ಸಿಕ್ಕಿಸಿದಳು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದಾಗ ಅವಳಿಗೇ ಕೈ ಮುಗಿಯಬೇಕೆನಿಸಿತು.

ಜೆಸಿಬಿ ಬಂತು. ಅದರ ಚಾಲಕ ಎಂಜಿನ್ ನಿಲ್ಲಿಸಿ ಕೆಳಗಿಳಿದು, ಚಪ್ಪಲಿ ಕಳಚಿ, ಕೆನ್ನೆ ಬಡಿದುಕೊಂಡ. ಮತ್ತೆ ಹತ್ತಿ ಹಿಂದಕ್ಕೆ ಹೋದ.

ಮರದಡಿಯಲ್ಲಿ ನಿಂತು ನೋಡುತ್ತಿದ್ದ ಉಣ್ಣಾಮಲೈ ಮನೆಗೆ ಹೋಗಿ ಗಂಡನಿಗೆ ಎರಡು ಇಡ್ಲಿ ಜಾಸ್ತಿ ಹಾಕಿದಳು. ಅವನಿಗೆ ಆಗಲೇ ಅನುಮಾನ ಬಂತು.

ಅವಳ ಉಪಾಯ ಗೆದ್ದಿತು. ಎಷ್ಟು ಗೆಲ್ಲಬೇಕಿತ್ತೋ ಅದಕ್ಕಿಂತ ಹೆಚ್ಚೇ ಗೆದ್ದಿತು.

ಕಲ್ಲಿನ ಪಕ್ಕದಲ್ಲಿ ಪೊನ್ನುರಂಗಂ ಎಂಬವನ ಪಂಕ್ಚರ್ ಅಂಗಡಿ ಇತ್ತು. ಅದಕ್ಕೂ ಕೆಂಪು ಗುರುತು ಬಿದ್ದಿತ್ತು. ಜೆಸಿಬಿ ಹಿಂದೆ ಸರಿದದ್ದನ್ನು ನೋಡಿದ ಅವನಿಗೆ ಅದೇ ವಾರ ಕನಸು ಬಿತ್ತು. ಕನಸಿನಲ್ಲಿ ಹಳದಿ ಸೀರೆಯ ಅಮ್ಮನ್ ದೇವತೆ ಬಂದು, ನಾನು ಇಲ್ಲೇ ಇರುತ್ತೇನೆ, ನೀನೂ ಇಲ್ಲೇ ಇರು ಎಂದಳಂತೆ. ಅವನು ಟ್ಯೂಬು ಅದ್ದುವ ತೊಟ್ಟಿಯಲ್ಲಿ ಕೈ ತೊಳೆದು, ಹಣೆಗೆ ವಿಭೂತಿ ಬಳಿದು ಪೂಜಾರಿಯಾದ. ತಗಡಿನ ಚಪ್ಪರ ಬಂತು, ಮುಂದೆ ತ್ರಿಶೂಲ ಬಂತು, ಕೊಂಬೆಗೆ ಕಟ್ಟಿದ ಧ್ವನಿವರ್ಧಕ ಬಂತು. ಲಾರಿಯವರು ನಿಲ್ಲಿಸಿ ಚಕ್ರದಡಿ ನಿಂಬೆಹಣ್ಣು ಇಟ್ಟು ಹೋಗತೊಡಗಿದರು. ಕಲ್ಲು ಗಿಡ್ಡವಾದದ್ದಕ್ಕೂ ಕಾರಣ ಸಿಕ್ಕಿತು. ಅಮ್ಮನ್ ಪಾತಾಳಕ್ಕೆ ಇಳಿಯುತ್ತಿದ್ದಾಳೆ, ಪೂಜೆ ಕಡಿಮೆಯಾದದ್ದಕ್ಕೆ ಕೋಪ.

ಉಣ್ಣಾಮಲೈ ಮೊದಮೊದಲು ಒಳಗೊಳಗೇ ನಕ್ಕಳು. ಕಲ್ಲು ಉಳಿಯಿತಲ್ಲ, ಯಾವ ಹೆಸರಿನಲ್ಲಿ ಉಳಿದರೇನು.

ಒಂದು ಮಧ್ಯಾಹ್ನ ಹುಲ್ಲಿನ ಹೊರೆ ಹೊತ್ತು ಏರು ಹತ್ತಿ ಬಂದು, ಎಂದಿನಂತೆ ಮೊಣಕಾಲು ಬಗ್ಗಿಸಿ ಕಲ್ಲಿನ ಕಡೆ ವಾಲಿದಳು.

"ಏಯ್, ಏಯ್!" ಪೊನ್ನುರಂಗಂ ನಟ್ಟು ಬಿಚ್ಚುವ ಪಾನೆ ಹಿಡಿದುಕೊಂಡೇ ಓಡಿ ಬಂದ. "ಕಣ್ಣು ಕಾಣ್ಸಲ್ವಾ ಅಕ್ಕಾ? ಅಮ್ಮನ ತಲೆ ಮೇಲೆ ಹುಲ್ಲು ಇಡ್ತೀಯಾ?"

"ಕುತ್ತಿಗೆ ನೋಯ್ತಿದೆಯೋ."

"ನೋವಾದ್ರೆ ಹರಕೆ ಹೊತ್ಕೋ. ಹೊರೆ ಅಲ್ಲಿ ನೆಲದ ಮೇಲೆ ಹಾಕು."

ಹೊರೆ ನೆಲಕ್ಕೆ ಹಾಕಿದರೆ ಮತ್ತೆ ಎತ್ತಿಕೊಡುವವರು ಯಾರು? ಅವಳು ಹಾಗೇ ಮುಂದೆ ನಡೆದಳು. ಹಿಂದೆ ಬರುತ್ತಿದ್ದ ಇಬ್ಬರು ಹೆಂಗಸರೂ ಕಲ್ಲಿನ ಮುಂದೆ, ಹೊರೆ ಹೊತ್ತಿದ್ದರಿಂದ ತಲೆ ಬಾಗಿಸಲಾಗದೆ, ಕಣ್ಣಲ್ಲೇ ನಮಸ್ಕಾರ ಮಾಡಿ ದಾಟಿದರು. ಆಮೇಲೆ ಅವಳು ಬೇಕೆಂದೇ ದಿನವೂ ಮರದಡಿ ಕೂತು ನೋಡಿದಳು. ಕರ್ಪೂರ ಇಳಿಯಿತು, ಹೂವು ಇಳಿಯಿತು, ನಿಂಬೆಹಣ್ಣು ಇಳಿಯಿತು. ಒಂದೇ ಒಂದು ಹೊರೆ ಇಳಿಯಲಿಲ್ಲ. ಇಷ್ಟು ವರ್ಷ ಗಿಡ್ಡ ಕಲ್ಲಿನ ಮೇಲೂ ನಗುತ್ತಾ ಇಳಿಸುತ್ತಿದ್ದವರು ಈಗ ಹೆದರಿ ದೂರದಿಂದ ಹೋಗುತ್ತಿದ್ದರು. ಅಮ್ಮ ತನ್ನ ಭಾರ ಹೊತ್ತುಕೊಂಡು, ಅರಿಶಿನ ಬಳಿಸಿಕೊಂಡು, ಸುಮ್ಮನೆ ನಿಂತಿದ್ದಳು. ನಿಲ್ಲಿಸಿದವಳು ಮಗಳು.

ಗಂಡನಿಗೆ ಹೇಳಿದಳು. ತೀರ್ಥಗಿರಿ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ.

"ಆವತ್ತಿನ ಇಡ್ಲೀಲೇ ಗೊತ್ತಾಯ್ತು."

"ಗೊತ್ತಿದ್ರೆ ಯಾಕೆ ಸುಮ್ನಿದ್ದೆ ಮಾಮ?"

"ಇಡ್ಲಿ ನಿಂತುಹೋದ್ರೆ ಅಂತ." ಅವನ ನಗು ಅವಳ ಮುಖ ನೋಡಿ ನಿಂತಿತು. "ಆ ಹುಡುಗನ್ನ ಕೇಳೋಣ ಬಾ. ಅವನು ಕೆಟ್ಟೋನಲ್ಲ."

ಅನ್ಬರಸು ಎಲ್ಲವನ್ನೂ ಕೇಳಿ ಹಣೆ ಒತ್ತಿಕೊಂಡ. ಕಲ್ಲಿನ ಎದುರಿಗೆ ರಸ್ತೆಯ ಅಂಚು ಹಲ್ಲು ಮುರಿದಂತೆ ಅರ್ಧಕ್ಕೇ ನಿಂತಿತ್ತು. ಮೇಲಿನವರಿಂದ ದಿನಾ ಬೈಗುಳ.

"ಆವತ್ತೇ ನಿಮ್ಮಮ್ಮಂದು ಅಂದಿದ್ರೆ ಆಗ್ತಿತ್ತಲ್ಲಮ್ಮಾ. ಅಲ್ಲೇ ಮುಂದೆ ಬಸ್ಸು ನಿಲ್ಲೋಕೆ ಜಾಗ, ಜನ ಕೂರೋಕೆ ಜಗಲಿ ಮಾಡ್ತಿದೀವಿ. ಜಗಲಿ ಪಕ್ಕಕ್ಕೆ ಎತ್ತಿ ನೆಡಿಸ್ತಿದ್ದೆ. ಬಸ್ಸಿಳಿದೋರಿಗೂ ಉಪಯೋಗ."

"ಈಗ ನೆಡ್ಸಿ ತಂಬಿ."

"ಈಗ ಹೆಂಗೆ? ಕ್ರೇನಿನೋನು ಮುಟ್ಟಲ್ಲ ಅಂತಾನೆ. ಊರಿನೋರು ಬಿಡಲ್ಲ ಅಂತಾರೆ. ಮೇಲಿಂದ ಹೇಳ್ಬಿಟ್ರು, ಅದರ ಸುತ್ತ ಕಾಂಕ್ರೀಟ್ ಕಟ್ಟೆ, ಮೇಲೆ ಕಂಬಿ ಹಾಕಿ ಮುಗ್ಸಿ, ರೋಡು ಬಳಸ್ಕೊಂಡು ಹೋಗ್ಲಿ ಅಂತ. ಆಡಿ ತಿಂಗಳ ಶುಕ್ರವಾರ ಅಂಬಲಿ ಹಬ್ಬ ಅಂತೆ. ಅದು ಮುಗಿದ ಮಾರನೇ ದಿನ ಕಾಂಕ್ರೀಟು."

"ಕಂಬಿ ಹಾಕಿದ್ರೆ ಹೊರೆ ಇಡೋದು ಹೆಂಗೆ?"

ಅವನು ಅರ್ಧಕ್ಕೆ ನಿಂತ ರಸ್ತೆಯಂಚಿನ ಕಡೆ ನೋಡಿದ. "ಊರಿನೋರು ಒಪ್ಪಿದ್ರೆ ನಾನು ರೆಡಿ. ಕ್ರೇನು ಶನಿವಾರಾನೂ ಇಲ್ಲೇ ಇರುತ್ತೆ" ಎಂದ.

ಹಿಂದಿರುಗುವಾಗ ತೀರ್ಥಗಿರಿ ಹೆಂಡತಿಯ ಪಕ್ಕದಲ್ಲಿ ನಡೆಯುತ್ತಾ, "ಒಪ್ಸೋದು ಹೆಂಗೆ? ಅರಿಶಿನ ಹಚ್ಚಿದ್ದು ನಾನೇ ಅಂತ ನೀನು ಹೇಳಿದ್ರೆ ಹೊಡೀತಾರೆ" ಎಂದ.

"ಹೊಡೀಲಿ."

"ನಿನ್ನನ್ನಲ್ಲ. ನನ್ನನ್ನ. ನೀನು ಹೆಂಗಸು."

ಶುಕ್ರವಾರ ಬಂತು. ಆಡಿ ತಿಂಗಳಲ್ಲಿ ಅಮ್ಮನಿಗೆ ಅಂಬಲಿ ಎರೆಯುವುದು ಊರಿನ ಹಳೆಯ ವಾಡಿಕೆ. ಮನೆಮನೆಯಲ್ಲೂ ರಾಗಿ ಅಂಬಲಿ ಕಾಯಿಸಿ, ಮಡಕೆಗೆ ಬೇವಿನಸೊಪ್ಪು ಕಟ್ಟಿ, ಹೊತ್ತು ತಂದು, ಪೂಜೆಯಾದ ಮೇಲೆ ಬಂದವರಿಗೆಲ್ಲ ಹಂಚುತ್ತಾರೆ. ಪ್ರತಿವರ್ಷ ಊರೊಳಗಿನ ಗುಡಿಗೆ ಹೋಗುತ್ತಿದ್ದ ಮಡಕೆಗಳು ಈ ವರ್ಷ ಏರಿನ ಮೇಲಕ್ಕೆ ಹೊರಟವು. ಊರಿನ ಗುಡಿ ಹತ್ತಿರ, ಈ ಅಮ್ಮನ್ ದೂರ, ಅದೂ ಹಳ್ಳ ದಾಟಿ ಏರು ಹತ್ತಬೇಕು. ಮಡಕೆ ತುಂಬ ಅಂಬಲಿ ಹೊತ್ತ ಹೆಂಗಸರ ಸಾಲು ಏರು ಮುಗಿಸುವ ಹೊತ್ತಿಗೆ ನಾಲಿಗೆ ಹೊರಳಿಸಿ ಕೂಗುವ ಕುಲವೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಸಾಲಿನ ಮುಂದೆ ಉಣ್ಣಾಮಲೈ ಇದ್ದಳು. ಮನೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮಡಕೆಯನ್ನು ಆರಿಸಿಕೊಂಡಿದ್ದಳು. ಚಪ್ಪರದಡಿಗೆ ಬಂದು ನಿಂತಳು. ಧ್ವನಿವರ್ಧಕ ಅರಚುತ್ತಿತ್ತು.

"ಕೆಳಗಿಡು, ಕೆಳಗಿಡು" ಎಂದ ಪೊನ್ನುರಂಗಂ. "ಯಾರಾದ್ರೂ ಕೈ ಕೊಡ್ರೋ."

"ಯಾರೂ ಕೈ ಕೊಡ್ಬೇಡಿ" ಎಂದಳು ಉಣ್ಣಾಮಲೈ.

ಒಂದು ಕೈಯಲ್ಲಿ ಮಡಕೆ ಹಿಡಿದು, ಇನ್ನೊಂದು ಕೈಯಿಂದ ಅಡ್ಡಗಲ್ಲಿನ ಮೇಲಿದ್ದ ನಿಂಬೆಹಣ್ಣುಗಳನ್ನು ಸರಿಸಿದಳು. ಅವು ಒಂದೊಂದಾಗಿ ಕೆಳಗೆ ಬಿದ್ದು ಇಳಿಜಾರಿನಲ್ಲಿ ಉರುಳಿದವು. ಮೊಣಕಾಲು ಬಗ್ಗಿಸಿ ಮಡಕೆಯನ್ನು ಅಮ್ಮನ ತಲೆಯ ಮೇಲೆ ಇಟ್ಟಳು.

ಯಾರೋ ಧ್ವನಿವರ್ಧಕ ನಿಲ್ಲಿಸಿದರು. ಮುದುಕನೊಬ್ಬ ಕಿವಿ ಮುಚ್ಚಿಕೊಂಡ, ಇನ್ನೇನು ಸಿಡಿಲು ಹೊಡೆಯುತ್ತದೆ ಎಂಬಂತೆ.

"ಇವಳು ಅಮ್ಮನ್ ಅಲ್ಲ" ಎಂದಳು ಉಣ್ಣಾಮಲೈ. ಎಲ್ಲರಿಗೂ ಕೇಳಿಸಿತು. "ನಮ್ಮಮ್ಮ. ಸಡಚ್ಚಿ. ಅರಿಶಿನ ಹಚ್ಚಿದ್ದು ನಾನು. ಚರಂಡಿಗೆ ಹಾಕ್ತಾರೆ ಅಂತ ಹೆದರಿ ಹಚ್ದೆ. ಜೆಸಿಬಿ ಹೆದರಲಿ ಅಂತ ಹಚ್ದೆ. ಅದೂ ಹೆದರ್ತು, ನೀವೂ ಹೆದರಿದ್ರಿ. ನಿಮ್ಮ ಹೂವು, ಕರ್ಪೂರ ಅವಳಿಗೆ ಬೇಡ. ಅವಳಿಗೆ ಬೇಕಾಗಿರೋದು ನಿಮ್ಮ ಹೊರೆ. ನಾಳೆ ಸುತ್ತ ಕಂಬಿ ಹಾಕ್ತಾರೆ. ಆಮೇಲೆ ಅವಳು ಹೊತ್ಕೊಂಡೇ ಇರ್ತಾಳೆ."

ಪೊನ್ನುರಂಗನ ವಿಭೂತಿ ಬೆವರಿಗೆ ಇಳಿಯುತ್ತಿತ್ತು. "ಹಂಗಾದ್ರೆ ನನ್ನ ಕನಸಲ್ಲಿ ಬಂದೋಳು ಯಾರು?"

"ನಮ್ಮತ್ತೇನೇ ಇರ್ಬೇಕು" ಎಂದ ತೀರ್ಥಗಿರಿ ಹಿಂದಿನಿಂದ. "ಟ್ಯೂಬು ಸರಿಯಾಗಿ ಅಂಟ್ಸೋ, ನನ್ನ ಅಳಿಯನ ಸೈಕಲ್ಲು ಮೂರು ಸಲ ಪಂಕ್ಚರ್ ಆಯ್ತು ಅಂತ ಹೇಳಕ್ಕೆ ಬಂದಿರ್ತಾಳೆ."

ಯಾರೋ ನಕ್ಕರು. ಇನ್ನೊಬ್ಬರು, ದೇವರ ಮುಂದೆ ಏನು ನಗು ಎಂದು ಗದರಿಸಿದರು. ಊರು ಯಾವ ಕಡೆ ವಾಲುತ್ತದೆಂದು ಹೇಳಲಾಗುತ್ತಿರಲಿಲ್ಲ. ಮುದುಕನೊಬ್ಬ, "ಹಚ್ಚಿದ್ದು ನೀನೇ ಇರ್ಬೋದು. ಹಚ್ಚಿಸ್ಕೊಂಡಿದ್ದು ಅಮ್ಮನೇ ಇರ್ಬೋದಲ್ಲ" ಎಂದ. ಬಹಳ ಜನ ತಲೆಯಾಡಿಸಿದರು.

ಅಷ್ಟರಲ್ಲಿ ಸಾಲಿನ ಎರಡನೆಯ ಹೆಂಗಸು ಮುಂದೆ ಬಂದಳು. ಪೊನ್ನುರಂಗನ ಹೆಂಡತಿ ಪೂಂಗಾವನಂ. ಪೂಜಾರಿಯ ಮನೆಯದೆಂದು ಅವಳ ಮಡಕೆಗೆ ಬಾಯಿಯವರೆಗೂ ತುಂಬಿದ್ದರು, ಅಂಬಲಿ ಅವಳ ಕಿವಿಯ ಪಕ್ಕ ಸುರಿದು ಒಣಗಿತ್ತು.

"ರೀ, ಸರೀರಿ ಪಕ್ಕಕ್ಕೆ."

"ಏನೇ ಮಾಡ್ತೀಯಾ?"

"ನೀವು ಕನಸು ಹೊತ್ತಿದ್ದೀರಿ, ಹಗೂರ. ನಾನು ಮಡಕೆ ಹೊತ್ತಿದ್ದೀನಿ. ಕುತ್ತಿಗೆ ಮುರೀತಾ ಇದೆ." ಅವಳು ಮೊಣಕಾಲು ಬಗ್ಗಿಸಿ ತನ್ನ ಮಡಕೆಯನ್ನು ಮೊದಲನೆಯದರ ಪಕ್ಕದಲ್ಲಿಟ್ಟು, ಎರಡೂ ಕೈಗಳಿಂದ ಕುತ್ತಿಗೆ ಹಿಂಡಿಕೊಂಡಳು. "ಅಪ್ಪಾ! ಅಮ್ಮನ್ ಆದ್ರೂ ಸರಿ, ಸಡಚ್ಚಿ ಆದ್ರೂ ಸರಿ. ಇಬ್ಬರೂ ಹೆಂಗಸರೇ ತಾನೇ? ಅವಳಿಗೆ ಅರ್ಥ ಆಗುತ್ತೆ."

ಸಿಡಿಲು ಹೊಡೆಯಲಿಲ್ಲ. ಸಾಲಿನಲ್ಲಿ ಮೂರನೆಯವಳು, "ಬೇಗ ಜಾಗ ಬಿಡಕ್ಕಾ" ಎಂದಳು. ಆಮೇಲೆ ಒಂದು ಮಡಕೆ ಇಳಿದು ನೆಲಕ್ಕೆ ಹೋಗುವುದು, ಇನ್ನೊಂದು ಬರುವುದು. ಅರಿಶಿನದ ಮೇಲೆ ಅಂಬಲಿಯ ಗೆರೆಗಳು ಬಿದ್ದವು. ಅನ್ಬರಸು ಒಂದು ಲೋಟ ಅಂಬಲಿ ಹಿಡಿದು ಅಲ್ಲೇ ನಿಂತಿದ್ದ. ಅವನು ಪೊನ್ನುರಂಗನ ಹತ್ತಿರ ಹೋಗಿ, ಬಸ್ಸು ನಿಲ್ಲುವ ಜಾಗದ ಹಿಂದೆ ಒಂದು ಅಂಗಡಿಯಷ್ಟು ನೆಲ ಖಾಲಿ ಉಳಿಯುತ್ತದೆ, ಅಲ್ಲಿಗೆ ಕೆಂಪು ಗುರುತು ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದ. ಪೂಜಾರಿ ತನ್ನ ಅಂಗಡಿಯ ಕೆಂಪು ಗುರುತನ್ನೊಮ್ಮೆ ನೋಡಿದ. ಆಮೇಲೆ ತಾನೇ ತ್ರಿಶೂಲ ಕೀಳಲು ಬಾಗಿದ. ಅದನ್ನು ಊರಿನ ಗುಡಿಗೆ ಕೊಟ್ಟರು.

ಶನಿವಾರ ಕ್ರೇನು ಅಡ್ಡಗಲ್ಲನ್ನು ಎತ್ತಿತು. ಕಂಬಗಳ ಸುತ್ತ ಅಗೆದಾಗ ನೆಲ ಪದರ ಪದರವಾಗಿ ಬಿಚ್ಚಿಕೊಂಡಿತು. ಡಾಂಬರಿನ ಚೂರು, ಕೆಂಪು ಮಣ್ಣು, ಜಲ್ಲಿ, ಮತ್ತೆ ಮಣ್ಣು. ಅನ್ಬರಸು ಗುಂಡಿಯೊಳಗೆ ಇಳಿದು ಕಂಬವನ್ನು ಸವರಿದ. ಒಂದು ಹಂತದವರೆಗೆ ಕಲ್ಲು ಉಳಿಯಿಂದ ನಯವಾಗಿತ್ತು, ಅಲ್ಲಿಂದ ಕೆಳಗೆ ಒರಟು.

"ನೋಡಿ ಇಲ್ಲಿ. ಹೂಳೋ ಭಾಗಾನ ಯಾರೂ ಕೆತ್ತಲ್ಲ. ಕೆತ್ತನೆ ನಿಂತಿರೋದು ಇಲ್ಲಿ. ಆಗಿನ ನೆಲ ಇದು." ಅವನು ಟೇಪು ಹಿಡಿದ. "ಒಂದೂವರೆ ಅಡಿ ಮೇಲೆ ಬಂದಿದೆ ರೋಡು. ಕಲ್ಲು ಇಳಿದಿಲ್ಲ."

ಉಣ್ಣಾಮಲೈ ಗಂಡನ ಕಡೆ ತಿರುಗಿದಳು. ಅವನು ಗುಂಡಿಯ ಗೋಡೆಯನ್ನೇ ನೋಡುತ್ತಿದ್ದ.

"ಆ ಕೆಂಪು ಮಣ್ಣು ನಾವೇ ಹಾಕಿದ್ದು" ಎಂದ ಅವನು. "ದೊಡ್ಡವಳು ಹುಟ್ಟಿದ ವರ್ಷ. ಪ್ರತಿ ಸಲ ಬೆರಳು ದಪ್ಪ, ಅಂಗೈ ದಪ್ಪ. ಗೊತ್ತೇ ಆಗ್ಲಿಲ್ಲ."

"ನಮ್ಮಮ್ಮನ್ನ ಹೂತಿದ್ದು ನೀನೇನಾ ಮಾಮ?"

"ಸಂಬಳ ತಗೊಂಡು" ಎಂದ ಅವನು, ನಗದೆ. ಅವಳಿಗೇ ನಗು ಬಂತು. ನಗುತ್ತಾ ಕಣ್ಣೊರೆಸಿಕೊಂಡಳು.

ಬಸ್ಸಿನ ಜಗಲಿಯ ಪಕ್ಕದಲ್ಲಿ ಕೆತ್ತನೆಯ ಗೆರೆಯವರೆಗೆ ಮಾತ್ರ ಹೂತು, ಕಂಬಗಳನ್ನು ನಿಲ್ಲಿಸಿ, ಅಡ್ಡಗಲ್ಲು ಕೂರಿಸಿದರು. ಎಲ್ಲರೂ ಸರಿದ ಮೇಲೆ ಉಣ್ಣಾಮಲೈ ಹೋಗಿ ಅದರ ಪಕ್ಕದಲ್ಲಿ ನಿಂತಳು. ಕಲ್ಲು ಅವಳ ಹುಬ್ಬಿನ ಮಟ್ಟಕ್ಕೆ ಬಂತು. ಅಂಗೈಯನ್ನು ಅಡ್ಡ ಹಿಡಿದು ಕಲ್ಲಿಗೂ ಹಣೆಗೂ ನಡುವೆ ಹಿಂದೆಮುಂದೆ ಜರುಗಿಸಿ ನೋಡಿದಳು. ಅಮ್ಮ ತನಗಿಂತ ಕೊಂಚವೇ ಕಡಿಮೆ. ತಾನು ಹೆಚ್ಚು ಕಡಿಮೆ ಅಮ್ಮನಷ್ಟೇ.

ಕಾಂಕ್ರೀಟು ಗಟ್ಟಿಯಾಗಿ, ಹೊಸ ರಸ್ತೆಗೆ ಬಿಳಿ ಗೆರೆ ಎಳೆದು, ಬಸ್ಸುಗಳು ಜಗಲಿಯ ಬಳಿ ನಿಲ್ಲತೊಡಗಿದ ದಿನ ಮೊದಲ ಹೊರೆಯ ಪ್ರಶ್ನೆ ಬಂತು. ಉಣ್ಣಾಮಲೈ ಇಡಲಿ ಎಂದರು ಎಲ್ಲರೂ. ಅವಳು ಒಪ್ಪಲಿಲ್ಲ. ಹೊಸದಾಗಿ ನೆಟ್ಟ ಕಲ್ಲಿನ ಮೇಲೆ ಮೊದಲ ಹೊರೆ ಗುರುತಿಲ್ಲದವರದು ಆಗಬೇಕು, ಹೇಳಿ ಕರೆಸಿದವರದೂ ಆಗಬಾರದು ಎಂದು ಅತ್ತೆ ಹೇಳುತ್ತಿದ್ದಳು.

ಹಾಗಾಗಿ ಕಾದರು. ಉಣ್ಣಾಮಲೈ, ತೀರ್ಥಗಿರಿ, ಹೊಸ ಅಂಗಡಿಯ ಮುಂದೆ ಪೊನ್ನುರಂಗಂ, ಅವನ ಹೆಂಡತಿ. ರಸ್ತೆ ನುಣುಪಾಗಿತ್ತು, ಗಾಡಿಗಳು ಜೋರಾಗಿ ಓಡುತ್ತಿದ್ದವು. ಹುಲ್ಲು ಬೈಕಿನ ಹಿಂದೆ ಹೋಯಿತು. ಕಟ್ಟಿಗೆ ಟೆಂಪೋದಲ್ಲಿ ಹೋಯಿತು. ಒಬ್ಬ ಮೂಟೆ ಹೊತ್ತು ಬಂದ, ಆದರೆ ಅವನು ಊರಿನವನೇ.

"ಈಗೆಲ್ಲಿ ಹೊರ್ತಾರಕ್ಕಾ ತಲೆ ಮೇಲೆ?" ಎಂದ ಪೊನ್ನುರಂಗಂ. "ಕಾಲ ಹೋಯ್ತು."

ಉಣ್ಣಾಮಲೈಗೂ ಅದೇ ಭಯ ಬರತೊಡಗಿತ್ತು.

ಮಧ್ಯಾಹ್ನದ ಬಸ್ಸು ನಿಂತಿತು. ಹಿಂದಿನ ಬಾಗಿಲಿನಿಂದ ಮೊದಲು ಒಂದು ದೊಡ್ಡ ಬುಟ್ಟಿ, ಅದರ ಕೆಳಗೆ ಒಬ್ಬ ಹೆಂಗಸು ಇಳಿದಳು. ಬೆಟ್ಟದ ಮೇಲಿನ ಊರಿನವಳು, ಬುಟ್ಟಿ ತುಂಬ ಸೀತಾಫಲ. ಹಣ್ಣು ಜಜ್ಜಿಹೋಗುತ್ತದೆಂದು ಬಸ್ಸಿನೊಳಗೂ ಕೆಳಗಿಟ್ಟಿರಲಿಲ್ಲವೇನೋ, ಸಿಂಬೆ ಹಣೆಗೆ ಅಂಟಿಹೋಗಿತ್ತು. ಅತ್ತಿತ್ತ ನೋಡಿದಳು. ಕಲ್ಲು ಕಂಡಿತು. ಯಾರನ್ನೂ ಕೇಳದೆ ಪಕ್ಕಕ್ಕೆ ಹೋಗಿ ನಿಂತು, ಮೊಣಕಾಲು ಬಗ್ಗಿಸದೆ, ಕುತ್ತಿಗೆಯನ್ನು ತುಸುವೇ ಓರೆ ಮಾಡಿದಳು. ಬುಟ್ಟಿ ಸದ್ದಿಲ್ಲದೆ ಕಲ್ಲಿನ ಮೇಲೆ ಜಾರಿ ಕೂತಿತು. ಒಂದು ಹಣ್ಣೂ ಉರುಳಲಿಲ್ಲ.

ಆಮೇಲೆ ಅವಳು ತಿರುಗಿ ನೋಡಿದರೆ ನಾಲ್ಕು ಜನ ಬಾಯಿ ಬಿಟ್ಟುಕೊಂಡು ನಿಂತಿದ್ದಾರೆ.

"ಏನ್ ನೋಡ್ತಿದೀರಿ? ಬುಟ್ಟಿ ಇಳ್ಸೋದು ನೋಡಿಲ್ವಾ?"

"ನೋಡಿದ್ದೀವಿ ಕಣಮ್ಮಾ" ಎಂದಳು ಉಣ್ಣಾಮಲೈ. "ನೀರು ಬೇಕಾ? ಅಂಗಡೀಲಿ ಕೊಡದ ತುಂಬ ಇದೆ."

"ಬೇಕು. ಇದು ಯಾರ ಕಲ್ಲು? ಹದವಾಗಿದೆ."

"ನಮ್ಮಮ್ಮಂದು."

"ಹೆಸರು?"

"ಸಡಚ್ಚಿ."

ಬೆಟ್ಟದ ಹೆಂಗಸು ಸಿಂಬೆಯನ್ನು ಬಿಚ್ಚಿ ಮುಖ ಒರೆಸಿಕೊಂಡಳು. ಕಲ್ಲಿನ ಕಂಬವನ್ನು, ಪರಿಚಯದವರ ತೋಳು ತಟ್ಟುವಂತೆ, ಒಮ್ಮೆ ತಟ್ಟಿದಳು.

"ಸಡಚ್ಚೀ, ಸ್ವಲ್ಪ ಹಿಡ್ಕೊಂಡಿರು ತಾಯಿ. ನೀರು ಕುಡಿದು ಬರ್ತೀನಿ."